ಕ್ಷಯದ ಗುಳಿಗೆಯೂ ಕ್ಷ-ಕಿರಣವೂ

ಬಬಲೇಶ್ವರದ ಸಮೀಪದ ಹಳ್ಳಿಯೊಂದರಿಂದ ವಿಜಯಪುರಕ್ಕೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನ ತನ್ನ ತಂದೆಯವರನ್ನು ಕರೆದುಕೊಂಡು ನಮ್ಮ ಕೊಠಡಿಗೆ ಬಂದನು. ಆ ಗೃಹಸ್ಥರು ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಕ್ಷಯರೋಗಕ್ಕೆ ಈಡಾಗಿ, ಅಲ್ಲಿಯೇ ಗುಳಿಗೆಗಳನ್ನು ಪಡೆದು ಸೇವಿಸಿದ್ದರು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಜ್ವರ ಬಿಟ್ಟಿತು, ಮೈಯೂ ತುಂಬಿಕೊಂಡಿತು. ಇನ್ನೂ ನಾಲ್ಕು ತಿಂಗಳು ಔಷಧವನ್ನು ನುಂಗಬೇಕಾಗಿದ್ದರೂ ಅವರು ನಿಲ್ಲಿಸಿಬಿಟ್ಟರು. ವರುಷ ತುಂಬುವುದರೊಳಗೆ ರೋಗವು ಮರಳಿ ಬಂದಿತು. ಕಫದ ಪರೀಕ್ಷೆಯ ವರದಿಯನ್ನು ನಮ್ಮ ಮೇಜಿನ ಮೇಲಿಟ್ಟು ಅವರು ಕೇಳಿದ ಪ್ರಶ್ನೆ ಇದು: “ಹೋದ ಸಲ ಆರಾಮ ಮಾಡಿದ್ದ ಗುಳಿಗಿ ಈ ಸಲ ಯಾಕ ಆರಾಮ ಮಾಡವಲ್ದು, ಸರ್?”

ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸಿ ಹೊಟ್ಟೆ ಹೊರೆಯುವವರು. ಆದರೆ ಹಿಂದಿನ ವಾರವಷ್ಟೇ ತರಗತಿಯಲ್ಲಿ ಕ್ಷ-ಕಿರಣಗಳ ವಿಷಯವನ್ನು ಹೇಳುತ್ತ, ಔಷಧವು ರೋಗಾಣುವಿನೊಳಗೆ ಎಲ್ಲಿ ಹೋಗಿ ಕೂಡುವುದೆಂಬುದನ್ನು ಈ ಕಿರಣಗಳಿಂದ ಕಾಣಬಹುದೆಂದು ನಾವು ಜಂಬದಿಂದ ಹೇಳಿದ್ದೆವು. ಹುಡುಗನು ಆ ಮಾತನ್ನು ನಂಬಿ ತಂದೆಯನ್ನು ಕರೆತಂದಿದ್ದನು. ವರದಿಯ ಕಾಗದದಲ್ಲಿ ಐಸೊನಿಯಜಿಡ್ ಎಂಬ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲವೆಂದು ಬರೆದಿತ್ತು. ಅದರ ಕೆಳಗೆ ‘ಕ್ಯಾಟ್-ಜಿ’ ಎಂಬ ಹೆಸರಿನ ಎದುರಿಗೆ ಒಂದು ಗುರುತಿತ್ತು. ಅವರ ಪ್ರಶ್ನೆಗೆ ಉತ್ತರವು ಆ ಗುರುತಿನಲ್ಲಿಯೇ ಇದ್ದಿತು. ಅದನ್ನು ಬಿಡಿಸಿ ಹೇಳಲು ಅಂದು ನಮಗೆ ಒಂದು ಗಂಟೆ ಹಿಡಿಯಿತು. ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ಕಥೆಯು 1912ನೆಯ ಇಸವಿಯಲ್ಲಿ ಆರಂಭವಾಗುವುದು. ಆ ವರುಷ ಯೂರೋಪಿನ ಎರಡು ಊರುಗಳಲ್ಲಿ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ಘಟನೆಗಳು ನಡೆದುವು. ಪ್ರಾಗ್ ನಗರದಲ್ಲಿ ಹಾನ್ಸ್ ಮೇಯರ್ ಮತ್ತು ಯೋಸೆಫ್ ಮಾಲಿ ಎಂಬ ರಸಾಯನಜ್ಞರು ಹದಿನೇಳು ಪರಮಾಣುಗಳಿಂದಾದ ಒಂದು ಸಣ್ಣ ಅಣುವನ್ನು ತಯಾರಿಸಿದರು: ಇಂಗಾಲ ಆರು, ಹೈಡ್ರೊಜನ್ ಏಳು, ನೈಟ್ರೊಜನ್ ಮೂರು, ಆಕ್ಸಿಜನ್ ಒಂದು. ಇದರಿಂದ ಏನು ಪ್ರಯೋಜನವೆಂದು ಅವರಿಗೆ ತಿಳಿಯದು. ಅದು ಪುಸ್ತಕದ ಪುಟಗಳಲ್ಲಿ ನಲವತ್ತು ವರುಷ ಮಲಗಿತು. ಅದೇ ವರುಷ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಲಾವೆ ಎಂಬ ಭೌತಶಾಸ್ತ್ರಜ್ಞನ ಸೂಚನೆಯಂತೆ ಫ್ರೀಡ್ರಿಕ್ ಮತ್ತು ನಿಪ್ಪಿಂಗ್ ಎಂಬಿಬ್ಬರು ಒಂದು ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದರು. ಹಿಂದೆ ಇಟ್ಟಿದ್ದ ಛಾಯಾಫಲಕದ ಮೇಲೆ ಕ್ರಮವಾಗಿ ಜೋಡಿಸಿದಂತೆ ಚುಕ್ಕೆಗಳು ಮೂಡಿದುವು. ಆ ಹದಿನೇಳು ಪರಮಾಣುಗಳ ಅಣುವೇ ಐಸೊನಿಯಜಿಡ್. ಆ ಚುಕ್ಕೆಗಳೇ ಅಣುಗಳ ಆಕಾರವನ್ನು ಓದುವ ವಿದ್ಯೆಯ ಮೊದಲ ಅಕ್ಷರಗಳು. ಇವೆರಡೂ ಸಂಧಿಸಲು ಎಂಬತ್ತಕ್ಕೂ ಹೆಚ್ಚು ವರುಷಗಳು ಬೇಕಾದುವು.

ಚುಕ್ಕೆಗಳಿಂದ ಆಕಾರವನ್ನು ಹೇಗೆ ತಿಳಿಯುವುದು? ವಿಜಯಪುರದಿಂದ ಅಥಣಿಯ ಮಾರ್ಗದಲ್ಲಿ ತಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರು ಒಂದು ಸೊಗಸಾದ ನೋಟವನ್ನು ಕಂಡಿರಬಹುದು. ರಸ್ತೆಯ ಪಕ್ಕದಲ್ಲಿ ದ್ರಾಕ್ಷಿಯ ತೋಟಗಳು ಬರುವುವು. ಬಸ್ಸು ಓಡುತ್ತಿರುವಂತೆ ಒಂದು ಕ್ಷಣ ಕಂಬಗಳೆಲ್ಲ ಗೊಂದಲವಾಗಿ ಕಾಣುವುವು. ಮರುಕ್ಷಣ ನೇರವಾದ ಸಾಲುಗಳು ತೆರೆದು ತೋಟದ ಆಚೆಯ ಬದುವಿನವರೆಗೂ ದೃಷ್ಟಿ ಹರಿಯುವುದು. ಇನ್ನೊಂದು ಕ್ಷಣದಲ್ಲಿ ಓರೆಯಾದ ಬೇರೊಂದು ಸಾಲು, ಬಳಿಕ ಮತ್ತಷ್ಟು ಓರೆಯಾದ ಇನ್ನೊಂದು. ರೈತನು ಕಂಬಗಳನ್ನು ನೆಟ್ಟದ್ದು ಒಂದೇ ಕ್ರಮದಲ್ಲಿ. ನೋಡುವ ಕೋನ ಬದಲಾದಂತೆ ಬೇರೆ ಬೇರೆ ಸಾಲುಗಳು ತೋರಿಕೊಳ್ಳುತ್ತವೆ. ಹರಳಿನೊಳಗೆ ಅಣುಗಳು ಹೀಗೆಯೇ ಉದ್ದ, ಅಗಲ, ಎತ್ತರ ಮೂರೂ ದಿಕ್ಕಿನಲ್ಲಿ ನೆಟ್ಟ ತೋಟದಂತೆ ನಿಂತಿರುತ್ತವೆ. ಹರಳನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ಹೋದರೆ ಒಂದೊಂದು ಕೋನದಲ್ಲಿ ಒಂದೊಂದು ಸಾಲು ಕಿರಣವನ್ನು ಒಟ್ಟಾಗಿ ಪ್ರತಿಫಲಿಸಿ ಒಂದೊಂದು ಚುಕ್ಕೆಯನ್ನು ಮೂಡಿಸುವುದು. ಸಾಲುಗಳ ಅಂತರಕ್ಕೂ ಈ ಕೋನಕ್ಕೂ ಇರುವ ಸಂಬಂಧವನ್ನು ತಂದೆ-ಮಕ್ಕಳಾದ ಬ್ರಾಗ್ ಎಂಬವರು ಲಾವೆಯ ಬೆನ್ನ ಹಿಂದೆಯೇ ಕಂಡುಹಿಡಿದರು.

ಕ್ಷ-ಕಿರಣವೇ ಏಕೆ ಬೇಕೆಂದರೆ, ನಾವು ನೋಡಬೇಕಾದ ವಸ್ತುವು ಅಷ್ಟು ಸಣ್ಣದು. ಇಂಗಾಲದ ಎರಡು ಪರಮಾಣುಗಳ ನಡುವಣ ಅಂತರ ಒಂದೂವರೆ ಆಂಗ್‌ಸ್ಟ್ರಾಮ್. ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದವು ಸುಮಾರು ನಾಲ್ಕು ಸಾವಿರದಿಂದ ಏಳು ಸಾವಿರ ಆಂಗ್‌ಸ್ಟ್ರಾಮ್. ಗೋಣಿಚೀಲ ಹೊಲಿಯುವ ದಬ್ಬಣದಿಂದ ರೇಷ್ಮೆಯ ಎಳೆಯನ್ನು ಬಿಡಿಸಲು ಹೊರಟರೆ ಏನಾದೀತೋ, ಬೆಳಕಿನಿಂದ ಪರಮಾಣುವನ್ನು ನೋಡಹೊರಟರೂ ಅದೇ ಆದೀತು. ಕ್ಷ-ಕಿರಣದ ತರಂಗವಾದರೋ ಆಂಗ್‌ಸ್ಟ್ರಾಮಿನ ಅಳತೆಯದೇ.

ಆದರೆ ಇಲ್ಲೊಂದು ತೊಡಕುಂಟು. ಬಿಡಿ ಪರಮಾಣುಗಳನ್ನು ಬಿಂಬಿಸುವಂತಹ ಮಸೂರವು ಈ ಕಿರಣಗಳಿಗೆ ಇಲ್ಲ. ಆದುದರಿಂದ ಚದುರಿದ ಕಿರಣಗಳನ್ನು ಮರಳಿ ಕೂಡಿಸಿ ಚಿತ್ರವನ್ನು ರಚಿಸುವ ಕೆಲಸವನ್ನು ಗಣಿತವೇ ಮಾಡಬೇಕು. ಅದಕ್ಕೆ ಪ್ರತಿಯೊಂದು ಕಿರಣದ ಬಲವೂ ತಿಳಿದಿರಬೇಕು, ಅದರ ಅಲೆಯ ಏರಿಳಿತವು ಯಾವ ಹಂತದಲ್ಲಿ ಬಂದು ತಲುಪಿತೆಂಬುದೂ ತಿಳಿದಿರಬೇಕು. ಚುಕ್ಕೆಯ ಕಪ್ಪಿನಿಂದ ಬಲವೇನೋ ತಿಳಿಯುವುದು; ಹಂತವು ತಿಳಿಯುವುದಿಲ್ಲ. ನಮ್ಮೂರಿನ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆಯು ಹಲವು ಸಲ ಮರುದನಿಗೊಡುವುದನ್ನು ವಾಚಕರು ಕೇಳಿರಬಹುದು. ಅಲ್ಲಿ ಒಬ್ಬರು ಒಂದು ವಾಕ್ಯವನ್ನು ಕೂಗಿದರೆಂದೂ, ಬರೆದುಕೊಳ್ಳುವವನು ಬಂದ ಸದ್ದುಗಳು ಎಷ್ಟು ಜೋರಾಗಿದ್ದುವೆಂಬುದನ್ನು ಮಾತ್ರ ಬರೆದು, ಯಾವುದು ಯಾವಾಗ ಬಂದಿತೆಂಬುದನ್ನು ಬಿಟ್ಟನೆಂದೂ ಭಾವಿಸಿ. ಆ ಪಟ್ಟಿಯಿಂದ ವಾಕ್ಯವನ್ನು ಮರಳಿ ರಚಿಸುವುದು ಹೇಗೆ? ಹರಳುಶಾಸ್ತ್ರಜ್ಞರು ಹಲವು ದಶಕಗಳ ಕಾಲ ಈ ಸಂಕಟದಲ್ಲಿಯೇ ಇದ್ದರು. ಹರಳಿನೊಳಗೆ ಪಾದರಸದಂತಹ ಭಾರವಾದ ಪರಮಾಣುವನ್ನು ಸೇರಿಸಿ, ಅದರಿಂದ ಚುಕ್ಕೆಗಳಲ್ಲಾಗುವ ಬದಲಾವಣೆಯಿಂದ ಹಂತವನ್ನು ಊಹಿಸಬಹುದೆಂದು ಮ್ಯಾಕ್ಸ್ ಪೆರುಟ್ಜ್ 1953ರಲ್ಲಿ ತೋರಿಸಿದ ಬಳಿಕ ಪ್ರೋಟೀನುಗಳ ಬಾಗಿಲು ತೆರೆಯಿತು. ಇದೇ ಸಮಸ್ಯೆಗೆ ಅಸಂಗತ ಚದುರಿಕೆ ಎಂಬ ಇನ್ನೊಂದು ಉಪಾಯವನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎಸ್. ರಾಮಶೇಷನ್ ಅವರೂ ಒಬ್ಬರು. ಅದು 1950ರ ದಶಕದ ಮಾತು.

ಹರಳು ದೊರೆಯುವುದಾದರೂ ಸುಲಭವೆ? ಕಲ್ಲುಸಕ್ಕರೆಯನ್ನು ಮಾಡುವವರು ಗಟ್ಟಿ ಪಾಕದಲ್ಲಿ ದಾರವನ್ನು ಇಳಿಬಿಟ್ಟು ಅಲುಗಿಸದೆ ಕಾಯುತ್ತಾರೆ. ಪ್ರೋಟೀನಿನ ಹರಳಿಗೂ ಇದೇ ತಾಳ್ಮೆ ಬೇಕು. ಆದರೆ ಸಕ್ಕರೆಯ ಅಣುವು ನಲವತ್ತೈದು ಪರಮಾಣುಗಳ ಗಟ್ಟಿ ಗಂಟಾದರೆ, ಪ್ರೋಟೀನು ಸಾವಿರಾರು ಪರಮಾಣುಗಳ ಬಳುಕುವ ಮುದ್ದೆ. ಉಪ್ಪು, ಆಮ್ಲ, ಶಾಖಗಳ ಪ್ರಮಾಣವನ್ನು ಬದಲಿಸುತ್ತ ನೂರಾರು ಹನಿಗಳನ್ನು ಇಟ್ಟು ಕಾದರೆ ಒಂದರಲ್ಲಿ ಹರಳು ಕಟ್ಟಬಹುದು, ಕಟ್ಟದೆಯೂ ಇರಬಹುದು. ಈ ಹರಳಿಗಾಗಿಯೇ ವರುಷಗಟ್ಟಲೆ ಕಾದು ಸಂಶೋಧನ ಪ್ರಬಂಧವನ್ನು ಮುಗಿಸಲಾರದೆ ಹೋದವರೂ ಉಂಟು.

ಈಗ ಗುಳಿಗೆಯ ಕಡೆಗೆ ತಿರುಗೋಣ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟನು. ಅದಕ್ಕೆ ಬಣ್ಣ ಹತ್ತಿಸುವುದೇ ಕಷ್ಟವಾಗಿದ್ದಿತು. ಏಕೆಂದರೆ ಅದರ ಮೈಮೇಲೆ ಮೇಣದಂತಹ ಒಂದು ಕವಚವುಂಟು. ಈ ಕವಚದ ಮುಖ್ಯ ದ್ರವ್ಯವಾದ ಮೈಕಾಲಿಕ್ ಆಮ್ಲದಲ್ಲಿ ಅರುವತ್ತರಿಂದ ತೊಂಬತ್ತು ಇಂಗಾಲದ ಪರಮಾಣುಗಳಿರುವುವು. ಇಂತಹ ರೋಗಾಣುವಿನ ಮೇಲೆ ಪ್ರಾಗ್ ನಗರದ ಆ ಹಳೆಯ ಅಣುವು ಅದ್ಭುತವಾಗಿ ಕೆಲಸ ಮಾಡುವುದೆಂದು 1952ರಲ್ಲಿ ಮೂರು ಔಷಧ ಸಂಸ್ಥೆಗಳು ಬೇರೆಬೇರೆಯಾಗಿ ಕಂಡುಕೊಂಡುವು. ಮಂಚ ಹಿಡಿದಿದ್ದ ರೋಗಿಗಳು ಎದ್ದು ಓಡಾಡಿದರು. ಗುಳಿಗೆ ಅಗ್ಗ, ಬಾಯಿಯಿಂದಲೇ ಸೇವಿಸಬಹುದು. ಆ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಪ್ರಸಿದ್ಧ ಪ್ರಯೋಗವು, ಬಡವರ ಇಕ್ಕಟ್ಟಿನ ಮನೆಯಲ್ಲಿದ್ದುಕೊಂಡೇ ಐಸೊನಿಯಜಿಡ್ ಮತ್ತು ಇನ್ನೊಂದು ಔಷಧವನ್ನು ನುಂಗಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣವಾಗುವರೆಂದು ಜಗತ್ತಿಗೆ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಗಿ, ಜಿಲ್ಲೆ ಜಿಲ್ಲೆಗೂ ಚಿಕಿತ್ಸೆಯನ್ನು ಒಯ್ಯುವ ಯೋಜನೆಯು ಅಲ್ಲಿ ರೂಪುಗೊಂಡಿತು.

ವಿಚಿತ್ರವೇನೆಂದರೆ, ಕೋಟ್ಯಂತರ ಜನರು ನುಂಗಿದ ಈ ಗುಳಿಗೆ ರೋಗಾಣುವಿನೊಳಗೆ ಏನು ಮಾಡುವುದೆಂದು ನಲವತ್ತು ವರುಷಗಳವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಸುಳಿವು ಮಾತ್ರ ಇದ್ದಿತು. ಗುಳಿಗೆಗೆ ಬಗ್ಗದ ರೋಗಾಣುಗಳಲ್ಲಿ ಕೆಟಲೇಸ್ ಎಂಬ ಕಿಣ್ವದ ಶಕ್ತಿಯು ಕುಂದಿರುವುದೆಂದು 1954ರಲ್ಲಿಯೇ ಮಿಡ್ಲ್‌ಬ್ರೂಕ್ ಎಂಬಾತನು ಗಮನಿಸಿದ್ದನು. ಶತ್ರುವು ತನ್ನ ಆಯುಧವೊಂದನ್ನು ಬಿಸುಟರೆ ಬಲಹೀನನಾಗಬೇಕಲ್ಲವೆ? ಇಲ್ಲಿ ಅವನು ಇನ್ನಷ್ಟು ಗಟ್ಟಿಯಾಗಿದ್ದನು! ಈ ಒಗಟು ಬಿಡಿಸಿಕೊಳ್ಳದೆ ಉಳಿಯಿತು.

ಕಿಣ್ವವೆಂದರೆ ಜೀವಕೋಶದ ಕುಶಲಕರ್ಮಿ. ಅದೊಂದು ಪ್ರೋಟೀನು, ಇಪ್ಪತ್ತು ಬಗೆಯ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವು ಮಡಿಚಿ ಮುದುಡಿ ಒಂದು ನಿಶ್ಚಿತ ಆಕಾರವನ್ನು ತಾಳಿರುವುದು. ಸರವು ಎಲ್ಲೆಲ್ಲಿ ಬಾಗಬಲ್ಲುದು, ಎಲ್ಲಿ ಬಾಗಲಾರದು ಎಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮದರಾಸಿನಲ್ಲಿ ಲೆಕ್ಕ ಹಾಕಿ 1963ರಲ್ಲಿ ಒಂದು ನಕ್ಷೆಯಾಗಿ ಕೊಟ್ಟರು. ಇಂದಿಗೂ ಯಾವ ಪ್ರೋಟೀನಿನ ರಚನೆಯನ್ನು ಯಾರು ಬಿಡಿಸಿದರೂ ಅದನ್ನು ಈ ರಾಮಚಂದ್ರನ್ ನಕ್ಷೆಯ ಒರೆಗಲ್ಲಿಗೆ ಹಚ್ಚುತ್ತಾರೆ. ಮುದುಡಿದ ಸರದ ಮೈಯಲ್ಲಿ ಒಂದು ಗವಿ ಇರುವುದು. ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಬಹುಪಾಲು ಔಷಧಗಳು ಇಂತಹ ಗವಿಯನ್ನು ಹೊಕ್ಕು ಕುಳಿತು ಕೆಲಸವನ್ನು ಕೆಡಿಸುವುವು. ಗವಿಯ ಆಕಾರ ತಿಳಿಯದೆ ಔಷಧವನ್ನು ಹುಡುಕುವುದು, ಕತ್ತಲೆಯಲ್ಲಿ ಕೀಲಿಕೈಗಳ ಗೊಂಚಲನ್ನು ಹಿಡಿದು ಬೀಗವನ್ನು ತಡವಿದಂತೆ.

1992ರಲ್ಲಿ ಒಗಟಿನ ಮೊದಲ ಎಳೆ ಸಡಲಿತು. ಕೆಟಲೇಸನ್ನು ನಿರ್ಮಿಸುವ ಕ್ಯಾಟ್-ಜಿ ಎಂಬ ಜೀನು ಕೆಟ್ಟರೆ ರೋಗಾಣುವು ಐಸೊನಿಯಜಿಡ್‌ಗೆ ಬಗ್ಗುವುದಿಲ್ಲವೆಂದು ಪ್ಯಾರಿಸ್ ಮತ್ತು ಲಂಡನ್ನಿನ ಸಂಶೋಧಕರು ಸಾಧಿಸಿದರು. 1994ರಲ್ಲಿ ಅಮೆರಿಕದಲ್ಲಿ ಇನ್ನೊಂದು ಜೀನು ಸಿಕ್ಕಿತು. ಅದು ನಿರ್ಮಿಸುವ ಕಿಣ್ವಕ್ಕೆ ‘ಇನ್ಹಾ’ ಎಂದು ಹೆಸರಾಯಿತು. ಇನ್ಹಾದ ಕಸುಬು ಮೇಣದ ಕವಚಕ್ಕೆ ಬೇಕಾದ ಇಂಗಾಲದ ಸರವನ್ನು ಉದ್ದಗೊಳಿಸುವುದರಲ್ಲಿ ಒಂದು ಮೆಟ್ಟಿಲು. ಸರಕ್ಕೆ ಹೈಡ್ರೊಜನನ್ನು ಕೊಡಲು ಅದು ಎನ್‌ಎಡಿಎಚ್ ಎಂಬ ಸಹಾಯಕ ಅಣುವನ್ನು ತನ್ನ ಗವಿಯಲ್ಲಿ ಕೂರಿಸಿಕೊಂಡಿರುವುದು. ಮನುಷ್ಯನಲ್ಲಿಯೂ ಕೊಬ್ಬಿನ ಸರವನ್ನು ಕಟ್ಟುವ ವ್ಯವಸ್ಥೆಯುಂಟಾದರೂ ಅದರ ರಚನೆಯೇ ಬೇರೆ. ಅದರಿಂದಲೇ ಇನ್ಹಾವನ್ನು ಕಟ್ಟಿಹಾಕುವ ಔಷಧವು ನಮ್ಮ ಕೊಬ್ಬಿನ ಕೆಲಸವನ್ನು ಮುಟ್ಟದೆ ಬಿಡುವುದು.

1995ರಲ್ಲಿ ನ್ಯೂಯಾರ್ಕಿನ ಸಂಶೋಧಕರ ಗುಂಪೊಂದು ಇನ್ಹಾದ ಹರಳಿಗೆ ಕ್ಷ-ಕಿರಣಗಳನ್ನು ಹಾಯಿಸಿ, 269 ಮಣಿಗಳ ಆ ಸರದ ಆಕಾರವನ್ನು ಬಿಡಿಸಿತು. 1998ರಲ್ಲಿ ಔಷಧವೂ ಕೂಡಿದ ಹರಳಿನ ಚಿತ್ರವು ದೊರೆಯಿತು. ಮ್ಯೂನಿಕ್ಕಿನ ಚುಕ್ಕೆಗಳೂ ಪ್ರಾಗ್‌ನ ಅಣುವೂ ಸಂಧಿಸಿದ್ದು ಆಗ. ಚಿತ್ರದಲ್ಲಿ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ: ಗವಿಯಲ್ಲಿ ಐಸೊನಿಯಜಿಡ್ ಇರಲೇ ಇಲ್ಲ! ಅದರ ಒಂದು ತುಂಡು ಮಾತ್ರ ಇದ್ದಿತು; ಅದೂ ಬಿಡಿಯಾಗಿ ಅಲ್ಲ, ಎನ್‌ಎಡಿಎಚ್ ಅಣುವಿಗೆ ಬೆಸೆದುಕೊಂಡು ಕುಳಿತಿತ್ತು.

ಒಗಟು ಒಮ್ಮೆಲೇ ಬಿಡಿಸಿಕೊಂಡಿತು. ನಾವು ನುಂಗುವ ಐಸೊನಿಯಜಿಡ್ ತಾನಾಗಿ ಯಾವ ಅಪಾಯವನ್ನೂ ಮಾಡಲಾರದು; ಅದು ಅರೆದು ತೀಡದ ಕೊಡಲಿ. ಅದನ್ನು ಸಾಣೆ ಹಿಡಿದುಕೊಡುವವನು ರೋಗಾಣುವಿನ ಮನೆಯೊಳಗಣ ಕೆಟಲೇಸನೇ! ಆ ಕಿಣ್ವದ ಗವಿಯೊಳಗೆ ಕಬ್ಬಿಣದ ಪರಮಾಣುವನ್ನು ಹೊತ್ತ ಹೀಮ್ ಎಂಬ ಚಪ್ಪಟೆಯ ಅಣುವುಂಟು. ಅಲ್ಲಿಗೆ ಇಳಿದ ಐಸೊನಿಯಜಿಡ್ ಸೀಳಿ, ಚುರುಕಾದ ತುಂಡಾಗಿ ಹೊರಬಂದು, ಎನ್‌ಎಡಿ ಅಣುವಿನೊಡನೆ ಬೆಸೆದುಕೊಂಡು, ಇನ್ಹಾದ ಗವಿಯನ್ನು ತುಂಬಿಬಿಡುವುದು. ಕವಚದ ಕೆಲಸ ನಿಲ್ಲುವುದು, ರೋಗಾಣು ಸಾಯುವುದು. ಸಾಣೆಕಾರನೇ ಇಲ್ಲದಿದ್ದರೆ ಕೊಡಲಿಗೆ ಅಲಗು ಬರುವುದೆಲ್ಲಿಂದ? ಮಿಡ್ಲ್‌ಬ್ರೂಕನು ಕಂಡದ್ದರ ಅರ್ಥ ಇದು.

ಆದರೆ ಕೆಟಲೇಸನ್ನು ಪೂರ್ಣವಾಗಿ ಕಳೆದುಕೊಂಡ ರೋಗಾಣುವಿಗೂ ಕಷ್ಟವೇ. ನಮ್ಮ ದೇಹದ ರಕ್ಷಕ ಕಣಗಳು ಅದರ ಮೇಲೆ ಹೈಡ್ರೊಜನ್ ಪೆರಾಕ್ಸೈಡನ್ನು ಎರಚುವುವು. ಅದನ್ನು ತಡೆಯಲು ಕೆಟಲೇಸ್ ಬೇಕು. ಹೀಗಾಗಿ ರೋಗಿಗಳಿಂದ ದೊರೆತ ಔಷಧನಿರೋಧಕ ರೋಗಾಣುಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವುದು ಒಂದು ಸೂಕ್ಷ್ಮವಾದ ಹೊಂದಾಣಿಕೆ. ಕೆಟಲೇಸಿನ ಸರದಲ್ಲಿ 740 ಮಣಿಗಳು. ಅವುಗಳಲ್ಲಿ 315ನೆಯದು ಸೀರಿನ್. ಅದು ಥ್ರಿಯೊನೀನ್ ಆಗಿ ಬದಲಾಗುವುದು. ಎರಡಕ್ಕೂ ಇರುವ ವ್ಯತ್ಯಾಸವೆಷ್ಟು? ಒಂದು ಹೈಡ್ರೊಜನ್ ಪರಮಾಣು ಇದ್ದ ಜಾಗದಲ್ಲಿ ಒಂದು ಇಂಗಾಲವೂ ಮೂರು ಹೈಡ್ರೊಜನ್ನುಗಳೂ ಬಂದು ಕೂಡುವುವು, ಅಷ್ಟೆ. 2004ರಿಂದೀಚೆಗೆ ಬಿಡಿಸಿದ ಹರಳಿನ ರಚನೆಗಳಲ್ಲಿ ಈ ಮಣಿಯು ಹೀಮಿನ ಕಡೆಗೆ ಇಳಿಯುವ ಕಿರುದಾರಿಯ ಇಕ್ಕಟ್ಟಾದ ಕೊರಳಿನಲ್ಲಿಯೇ ಇರುವುದು ಕಂಡುಬಂದಿತು. ಹೊಸದಾಗಿ ಬಂದ ಗುಬಟು ದಾರಿಯನ್ನು ಇನ್ನಷ್ಟು ಕಿರಿದು ಮಾಡುವುದು. ಚಿಕ್ಕದಾದ ಹೈಡ್ರೊಜನ್ ಪೆರಾಕ್ಸೈಡ್ ಎಂದಿನಂತೆ ನುಸುಳಿ ಒಳಗೆ ಹೋಗುವುದು. ಅದಕ್ಕಿಂತ ದೊಡ್ಡದಾದ ಐಸೊನಿಯಜಿಡ್‌ಗೆ ದಾರಿ ಸಾಲದು. ರೋಗಾಣು ತನ್ನ ಸಾಣೆಕಾರನನ್ನು ಉಳಿಸಿಕೊಂಡಿತು, ನಮ್ಮ ಕೊಡಲಿಯನ್ನು ಮಾತ್ರ ಹೊರಗೆ ನಿಲ್ಲಿಸಿತು.

ಬಬಲೇಶ್ವರದ ಕಡೆಯಿಂದ ಬಂದ ಆ ಗೃಹಸ್ಥರ ಕಾಗದದಲ್ಲಿ ಕ್ಯಾಟ್-ಜಿ ಎದುರಿಗೆ ಇದ್ದ ಗುರುತು ಈ 315ನೆಯ ಮಣಿಯದು. ಗುಳಿಗೆ ಕೆಟ್ಟಿರಲಿಲ್ಲ, ಅವರ ದೇಹವೂ ಗುಳಿಗೆಗೆ ಒಗ್ಗಿಹೋಗಿರಲಿಲ್ಲ. ಜನರು ಸಾಮಾನ್ಯವಾಗಿ ಹೀಗೆ ತಿಳಿಯುತ್ತಾರೆ, ಅದು ತಪ್ಪು. ಬದಲಾದದ್ದು ರೋಗಾಣು. ಶ್ವಾಸಕೋಶದ ಒಂದು ಹುಣ್ಣಿನಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುವುವು. ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಐಸೊನಿಯಜಿಡ್‌ಗೆ ಬಗ್ಗದವು ಔಷಧವನ್ನು ಕಾಣುವುದಕ್ಕೆ ಮೊದಲೇ ಅಲ್ಲಿರುತ್ತವೆ. ಆದುದರಿಂದಲೇ ನಾಲ್ಕು ಔಷಧಗಳನ್ನು ಕೂಡಿಸಿ ಕೊಡುವುದು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕುಬೀಳಲೆಂದು. ಎರಡು ತಿಂಗಳಿಗೆ ಕೆಮ್ಮು ನಿಲ್ಲುವುದು ಬಹುಸಂಖ್ಯೆಯವು ಸತ್ತುದರಿಂದ. ಅಲ್ಲಿಗೆ ಬಿಟ್ಟರೆ ಅಳಿದುಳಿದವು ಮರಳಿ ಬೆಳೆಯುವುವು. ಮತ್ತೆ ಆಗೊಮ್ಮೆ ಈಗೊಮ್ಮೆ ಔಷಧ ಬಿದ್ದರೆ, ಬಗ್ಗದವುಗಳೇ ಗೆದ್ದು ತುಂಬಿಕೊಳ್ಳುವುವು.

ಅವರು ನಮ್ಮ ಮಾತನ್ನು ಕೇಳುತ್ತ ಕುಳಿತಿದ್ದವರು ಥಟ್ಟನೆ, ಇದು ದ್ರಾಕ್ಷಿಗೆ ಹೊಡೆಯುವ ಔಷಧದ ಹಾಗೆಯೇ ಆಯಿತಲ್ಲ ಎಂದರು. ತಿಕೋಟಾದ ತೋಟಗಳಲ್ಲಿ ಕೂಲಿ ಮಾಡಿದ ಅನುಭವ ಅವರಿಗಿತ್ತು: ಒಂದೇ ಔಷಧವನ್ನು ಸಾಲುಸಾಲಾಗಿ ಹೊಡೆದರೆ ಮುಂದೆ ಅದು ಕೆಲಸಕ್ಕೆ ಬಾರದು. ನಾವು ಬೆರಗಾದೆವು, ಏಕೆಂದರೆ ಇದು ಬರಿಯ ಹೋಲಿಕೆಯಲ್ಲ, ನಡೆಯುವ ಕೆಲಸವೂ ಒಂದೇ. 1996ರಲ್ಲಿ ಮಾರುಕಟ್ಟೆಗೆ ಬಂದ ಅಜಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕವು ಶಿಲೀಂಧ್ರದ ಉಸಿರಾಟದ ಒಂದು ಪ್ರೋಟೀನಿನ ಗವಿಯಲ್ಲಿ ಕೂಡುವುದು. ಆ ಪ್ರೋಟೀನಿನ 143ನೆಯ ಮಣಿಯು ಗ್ಲೈಸೀನ್ ಇದ್ದುದು ಅಲನೀನ್ ಆದರೆ ಔಷಧ ಕೂಡಲಾರದು. ಇಲ್ಲಿಯೂ ಒಂದು ಹೈಡ್ರೊಜನ್ನಿನ ಜಾಗದಲ್ಲಿ ಒಂದು ಇಂಗಾಲ ಮೂರು ಹೈಡ್ರೊಜನ್! ದ್ರಾಕ್ಷಿ ಬೆಳೆಯುವ ಹಲವು ದೇಶಗಳ ರೈತರನ್ನು ಈ ಒಂದು ಗುಬಟು ಕಾಡಿದೆ. ಔಷಧವನ್ನು ಬದಲಿಸುತ್ತ ಹೊಡೆಯಬೇಕೆಂದು ತೋಟಗಾರಿಕೆಯವರು ಹೇಳುವುದರ ಗುಟ್ಟು ಇದು.

ಕ್ಷಯದ ವಿಷಯದಲ್ಲಿ ಈ ರಚನೆಯ ಜ್ಞಾನದಿಂದ ರೋಗಿಗೆ ಏನು ದೊರೆಯಿತು? ಇಲ್ಲಿ ನಾವು ಉತ್ಪ್ರೇಕ್ಷೆ ಮಾಡಬಾರದು. ಹರಳುಗಳಿಂದಲೇ ಕ್ಷಯಕ್ಕೆ ಹೊಸ ಔಷಧಗಳು ಸಾಲುಗಟ್ಟಿ ಬರುವುವೆಂದು ಇಪ್ಪತ್ತೈದು ವರುಷಗಳ ಹಿಂದೆ ಬಹಳ ಆಸೆ ಹುಟ್ಟಿದ್ದಿತು, ಅಷ್ಟು ಆಗಲಿಲ್ಲ. 2012ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಾಕ್ವಿಲಿನ್ ಎಂಬ ಹೊಸ ಔಷಧವನ್ನು ಕಂಡದ್ದು, ಸಾವಿರಾರು ಅಣುಗಳನ್ನು ಕ್ಷಯದ ನಿರುಪದ್ರವಿ ದಾಯಾದಿಯೊಂದರ ಮೇಲೆ ಸುರಿದು ಯಾವುದು ಕೊಲ್ಲುವುದೆಂದು ನೋಡುವ ಹಳೆಯ ಪದ್ಧತಿಯಿಂದಲೇ. ಅದು ರೋಗಾಣುವಿನ ಶಕ್ತಿಯಂತ್ರದ ಯಾವ ಮೂಲೆಯಲ್ಲಿ ಕೂಡುವುದೆಂದು ಹರಳು ತೋರಿಸಿದ್ದು ಆಮೇಲೆ, 2015ರಲ್ಲಿ. ಇಷ್ಟರವರೆಗೆ ಕ್ಷಯದ ವಿಷಯದಲ್ಲಿ ಔಷಧವು ಮುಂದೆ ನಡೆದಿದೆ, ರಚನೆಯು ಹಿಂದೆ ಬಂದಿದೆ.

ಆದರೆ ಹಿಂದೆ ಬಂದ ಜ್ಞಾನವೂ ವ್ಯರ್ಥವಲ್ಲ. ಐಸೊನಿಯಜಿಡ್‌ಗೆ ಬಗ್ಗದ ರೋಗಾಣುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು 315ನೆಯ ಮಣಿಯನ್ನು ಬದಲಿಸುವುವು. ಇನ್ನು ಕೆಲವು ಇನ್ಹಾದ ಜೀನಿನ ಹಿಂದಿರುವ ಹಿಡಿತವನ್ನು ಸಡಲಿಸಿ ಆ ಕಿಣ್ವವನ್ನೇ ರಾಶಿರಾಶಿಯಾಗಿ ತಯಾರಿಸುವುವು. ಮೊದಲನೆಯದರಲ್ಲಿ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಿದರೂ ಹೆಚ್ಚು ಫಲವಿಲ್ಲ. ಎರಡನೆಯದರಲ್ಲಿ ಹೆಚ್ಚಿನ ಪ್ರಮಾಣವು ಕೆಲಸ ಮಾಡಬಹುದು. ಇಥಿಯೋನಮೈಡ್ ಎಂಬ ಇನ್ನೊಂದು ಔಷಧವೂ ಇನ್ಹಾವನ್ನೇ ಹಿಡಿಯುವುದು, ಆದರೆ ಅದಕ್ಕೆ ಸಾಣೆ ಹಿಡಿಯುವವನು ಬೇರೊಬ್ಬ. ಆದುದರಿಂದ ಮೊದಲ ಬಗೆಯ ರೋಗಾಣುವಿಗೆ ಅದು ನಾಟೀತು, ಎರಡನೆಯ ಬಗೆಗೆ ನಾಟದು. ಕಫದ ಮಾದರಿಯಿಂದ ಜೀನನ್ನು ಓದುವ ಪರೀಕ್ಷೆಯು ಇಂದು ಸರಕಾರಿ ವ್ಯವಸ್ಥೆಯಲ್ಲಿಯೇ ನಡೆಯುವುದು. ರೋಗಾಣು ಬೆಳೆಯಲೆಂದು ವಾರಗಟ್ಟಲೆ ಕಾಯುವ ಬದಲು ಅದರ ಜೀನಿನ ಗುರುತನ್ನು ನೋಡಿ ವೈದ್ಯರು ಔಷಧವನ್ನು ಆರಿಸಬಹುದು. ಇಂತಹ ಜೀನು ಪರೀಕ್ಷೆಗೆ ಬೇಕಾದ, ಸಣ್ಣ ಆಸ್ಪತ್ರೆಯಲ್ಲಿಯೂ ಇಡಬಹುದಾದ ಟ್ರೂನ್ಯಾಟ್ ಯಂತ್ರವನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅನುಮೋದಿಸಿತು.

ಸಾಣೆಕಾರನ ಹಂಗೇ ಇಲ್ಲದೆ ನೇರವಾಗಿ ಇನ್ಹಾದ ಗವಿಯಲ್ಲಿ ಕೂಡುವ ಅಣುವನ್ನು ಕಟ್ಟಿದರೆ 315ನೆಯ ಮಣಿಯ ಆಟ ನಡೆಯದು. ಈ ಯೋಚನೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. 2001ರಲ್ಲಿ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ಅವರು, ಹಲ್ಲುಜ್ಜುವ ಪೇಸ್ಟುಗಳಲ್ಲಿ ಬೆರೆಸುತ್ತಿದ್ದ ಟ್ರೈಕ್ಲೋಸಾನ್ ಎಂಬ ವಸ್ತುವು ಮಲೇರಿಯಾದ ಪರೋಪಜೀವಿಯಲ್ಲಿರುವ, ಇನ್ಹಾದ ಸೋದರನೆನ್ನಬಹುದಾದ ಕಿಣ್ವವನ್ನು ತಡೆಯುವುದೆಂದು ತೋರಿಸಿದರು. ಟ್ರೈಕ್ಲೋಸಾನ್ ಇನ್ಹಾದೊಳಗೂ ಯಾರ ಸಹಾಯವೂ ಇಲ್ಲದೆ ಕೂಡುವುದೆಂದು ಬೇರೆಯವರು ಕಂಡರು. 2013ರಲ್ಲಿ ಆಸ್ಟ್ರಾಜೆನಿಕಾ ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯವು ಮೀಥೈಲ್-ಥಯಜೋಲ್ ಎಂಬ ಅಣುಗಳನ್ನು ಇನ್ಹಾದ ಗವಿಗೆ ಹೊಂದುವಂತೆ ಕಟ್ಟಿ ಪ್ರಕಟಿಸಿತು. ಅದೇ ವರುಷ ಅಲ್ಲಿಯವರು ಕವಚವನ್ನು ಕಟ್ಟುವ ಇನ್ನೊಂದು ಕಿಣ್ವವನ್ನು ತಡೆಯುವ ಅಜಾಇಂಡೋಲ್ ಎಂಬ ಅಣುಗಳನ್ನೂ ಹೊರತಂದರು; ಅವುಗಳಲ್ಲೊಂದು ಮನುಷ್ಯರ ಮೇಲಿನ ಪರೀಕ್ಷೆಯ ಹಂತವನ್ನು ಮುಟ್ಟಿತು. 2014ರಲ್ಲಿ ಸಂಸ್ಥೆಯು ಆ ಸಂಶೋಧನಾಲಯವನ್ನು ಮುಚ್ಚಲು ನಿರ್ಧರಿಸಿತು. ಬಡವರ ರೋಗದ ಔಷಧದಲ್ಲಿ ಲಾಭವು ಕಡಮೆಯೆಂಬುದನ್ನು ನಾವು ಬಲ್ಲೆವು; ಆದರೂ ಇದನ್ನು ಓದಿದಾಗ ನಮಗೆ ವ್ಯಸನವಾಗದಿರಲಿಲ್ಲ. ಇನ್ಹಾವನ್ನು ನೇರವಾಗಿ ಹಿಡಿಯುವ ಔಷಧವು ಇದುವರೆಗೆ ಅಂಗಡಿಗೆ ಬಂದಿಲ್ಲ.

ವಿಜ್ಞಾನ ಮಂದಿರದಲ್ಲಿ ಈ ಕೆಲಸವನ್ನು ಇನ್ನೊಂದು ಕಡೆಯಿಂದ ಹಿಡಿದವರು ಎಂ. ವಿಜಯನ್. ಕೇರಳದಲ್ಲಿ 1941ರಲ್ಲಿ ಹುಟ್ಟಿದ ಇವರು ಬೆಂಗಳೂರಿನಲ್ಲಿ ಎಂ. ಎ. ವಿಶ್ವಮಿ­ತ್ರ ಅವರ ಶಿಷ್ಯರಾಗಿದ್ದು, ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಅವರ ಬಳಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ ಗುಂಪಿನಲ್ಲಿ ಸೇರಿ, 1971ರಲ್ಲಿ ಮರಳಿ ಬಂದರು. ಕ್ಷಯರೋಗಾಣುವು ತನ್ನ ಡಿಎನ್‌ಎಯನ್ನು ದುರಸ್ತಿ ಮಾಡಿಕೊಳ್ಳಲು ಬಳಸುವ ರೆಕ್-ಎ ಎಂಬ ಪ್ರೋಟೀನಿನ ರಚನೆಯನ್ನು ಅವರ ಗುಂಪು ಕೆ. ಮುನಿಯಪ್ಪ ಅವರ ಸಹಕಾರದಿಂದ 2000ದಲ್ಲಿ ಬಿಡಿಸಿತು. ಔಷಧದ ಏಟನ್ನು ತಾಳಿಕೊಂಡು ಹೊಸ ಮಾರ್ಪಾಟುಗಳನ್ನು ಪಡೆಯುವುದರಲ್ಲಿ ಬ್ಯಾಕ್ಟೀರಿಯಾಗಳಿಗೆ ಈ ದುರಸ್ತಿಯ ವ್ಯವಸ್ಥೆಯೇ ನೆರವಾಗುವುದು; ಅದನ್ನು ತಡೆದರೆ ನಿರೋಧಕತೆಯ ಬೇರಿಗೇ ಕೈಹಾಕಿದಂತೆ. ಇದು ಇನ್ನೂ ಆಲೋಚನೆಯೇ ಹೊರತು ಗುಳಿಗೆಯಲ್ಲ. ವಿಜಯನ್ ಅವರು 2022ರಲ್ಲಿ ತೀರಿಕೊಂಡರು.

ಈಚೆಗೆ ಹರಳೇ ಬೇಕಿಲ್ಲದ, ಹೆಪ್ಪುಗಟ್ಟಿಸಿದ ಪ್ರೋಟೀನನ್ನು ಇಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕಗಳು ಬಂದಿವೆ. ಮಣಿಗಳ ಕ್ರಮವನ್ನು ಕೊಟ್ಟರೆ ಮಡಿಕೆಯನ್ನು ತಾನೇ ಊಹಿಸುವ ಗಣಕಯಂತ್ರದ ಕ್ರಮವಿಧಿಗೆ 2024ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಇನ್ನು ಕ್ಷ-ಕಿರಣದ ಗೋಜೇಕೆ ಎನ್ನುವವರುಂಟು. ಆದರೆ ಗವಿಯಲ್ಲಿ ಸಿಗುವುದು ಐಸೊನಿಯಜಿಡ್ ಅಲ್ಲ, ಅದರ ಬೆಸೆದ ತುಂಡು ಎಂಬುದನ್ನು 1998ರಲ್ಲಿ ಯಾರು ಊಹಿಸಿದ್ದರು? ನೋಡಿದುದರಿಂದ ತಿಳಿಯಿತು.

2023ರಲ್ಲಿ ಜಗತ್ತಿನಲ್ಲಿ ಒಂದು ಕೋಟಿ ಎಂಟು ಲಕ್ಷ ಜನರು ಕ್ಷಯಕ್ಕೆ ಈಡಾದರೆಂದೂ, ಹನ್ನೆರಡೂವರೆ ಲಕ್ಷ ಜನರು ಸತ್ತರೆಂದೂ, ರೋಗಿಗಳಲ್ಲಿ ನಾಲ್ವರಿಗೆ ಒಬ್ಬರಂತೆ ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುವುದು. ಆ ನಾಲ್ವರಲ್ಲೊಬ್ಬರಾದ ನಮ್ಮ ಗೃಹಸ್ಥರಿಗೆ ಆಸ್ಪತ್ರೆಯಲ್ಲಿ ಐಸೊನಿಯಜಿಡ್ಡನ್ನು ತೆಗೆದು, ಅದರ ಬದಲು ಲಿವೊಫ್ಲಾಕ್ಸಸಿನ್ ಎಂಬ ಔಷಧವನ್ನು ಉಳಿದ ಮೂರರ ಸಂಗಡ ಆರು ತಿಂಗಳಿಗೆ ಬರೆದುಕೊಟ್ಟರು. ಡಿಎನ್‌ಎಯ ಸುರುಳಿಯನ್ನು ಸಡಲಿಸುವ ಜೈರೇಸ್ ಎಂಬ ಕಿಣ್ವವನ್ನು ಈ ಜಾತಿಯ ಔಷಧಗಳು ಹಿಡಿಯುವುವು. ಅವು ಕ್ಷಯರೋಗಾಣುವಿನ ಜೈರೇಸಿನೊಳಗೆ ಕೂತ ಭಂಗಿಯ ಹರಳಿನ ಚಿತ್ರವು 2016ರಲ್ಲಿ ಪ್ರಕಟವಾಗಿದೆ; ಕೆಟಲೇಸಿನ ಸಹಾಯ ಇವುಗಳಿಗೆ ಬೇಕಿಲ್ಲ.

ಅಕ್ಟೋಬರಿನ ಚಾಟ್ನಿಯ ಕಾಲದಲ್ಲಿ ತಿಕೋಟಾದ ಹಾದಿಯಲ್ಲಿ ನಮಗೆ ಅವರು ಮತ್ತೆ ಸಿಕ್ಕರು. ಈ ವರುಷ ಗೋವೆಗೆ ಹೋಗದೆ ತೋಟದ ಕೆಲಸಕ್ಕೆ ನಿಂತಿದ್ದರು. ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿಯನ್ನು ತೆಗೆದು ತೋರಿಸಿದರು. ಐದು ತಿಂಗಳು ಆಗಿತ್ತು, ಒಂದು ಉಳಿದಿತ್ತು.